ಉಸಿರೆತ್ತದ ಬಿಯರು

ಬಿಯರು ಮಾಡುವುದೇನು ಬ್ರಹ್ಮವಿದ್ಯೆಯೇ ಎಂದು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿದವನು ನಾನೇ. ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಟ್ಯಾಸ್ಮೇನಿಯಾ ದ್ವೀಪದ ಲಾನ್ಸೆಸ್ಟನ್ ಊರಿನ ಪಿಯಾನೋಗಳ ಹೊಟ್ಟೆಯೊಳಗೆ ತಲೆ ತೂರಿಸಿ, ಇಡೀ ಜೀವಮಾನ ತಂತಿಗಳನ್ನು ಶ್ರುತಿ ಮಾಡಿದ ಮನುಷ್ಯ ನಾನು. ಒಂದೊಂದು ಪಿಯಾನೋದಲ್ಲಿ ಇನ್ನೂರು ಚಿಲ್ಲರೆ ತಂತಿಗಳಿರುತ್ತವೆ, ಒಂದಕ್ಕಿಂತ ಒಂದು ಹಟಮಾರಿ. ಅಂಥವನ್ನೇ ಹದ್ದುಬಸ್ತಿನಲ್ಲಿಟ್ಟವನಿಗೆ ಬಾಟಲಿಯೊಳಗೆ ನಾಲ್ಕು ಗುಳ್ಳೆ ಎಬ್ಬಿಸುವುದು ಕಷ್ಟವೇ? ನೀವೇ ಹೇಳಿ!

ಆ ಸಭೆ ನಮ್ಮ ಬೌಲ್ಸ್ ಕ್ಲಬ್ಬಿನದು. ಬಿಳಿ ಪ್ಯಾಂಟು ತೊಟ್ಟ ಮುದುಕರು ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸಿ, ಉರುಳಿಸಿದ್ದಕ್ಕಿಂತ ಹೆಚ್ಚು ಹೊತ್ತು ಅದರ ಬಗ್ಗೆ ಜಗಳವಾಡುವ ಪುಣ್ಯಸ್ಥಳ. ಚಳಿಗಾಲದಲ್ಲಿ ಹುಲ್ಲಿಗೂ ನಮಗೂ ರಜೆ. ನಮ್ಮ ಕಡೆ ಚಳಿಗಾಲ ಕಳೆಯುವ ಸೆಪ್ಟೆಂಬರಿನಲ್ಲಿ ಆಟ ಮತ್ತೆ ಶುರುವಾಗುವ ದಿನ ಕ್ಲಬ್ಬಿಗೆ ದೊಡ್ಡ ಹಬ್ಬ. ಹಬ್ಬಕ್ಕೆ ಹೊರಗಿನಿಂದ ತರಿಸುವ ಬಿಯರು ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ ಎಂದು ಎಲ್ಲರೂ ಗೊಣಗುತ್ತಿದ್ದರು. ಆಗಲೇ ನಾನು ಎದ್ದದ್ದು.

"ಈ ಸಲದ ಬಿಯರು ನನ್ನದು! ನನ್ನ ಕೈಯಾರೆ ಮಾಡಿದ್ದು!"

ಅಧ್ಯಕ್ಷ ನೆವಿಲ್ ಟ್ರಾಸ್ಕ್ ಕನ್ನಡಕದ ಮೇಲಿಂದ ನೋಡಿದ. ಟ್ರಾಸ್ಕ್ ನಿವೃತ್ತ ದಂತವೈದ್ಯ. ಎದುರಿಗಿದ್ದವರ ಬಾಯಿ ಅಗಲಿಸಿಟ್ಟು ತಾನೊಬ್ಬನೇ ಮಾತಾಡಿ ಅಭ್ಯಾಸವಾದವನು.

"ರೋಲಿ, ಮೊದಲು ಯಾವತ್ತಾದ್ರೂ ಮಾಡಿದೀಯೇನಯ್ಯಾ?"

"ಇಲ್ಲ. ಹುಟ್ಟೋ ಮೊದಲು ನೀನು ಹಲ್ಲು ಕಿತ್ತಿದ್ಯಾ?"

ಸಭೆ ನಕ್ಕಿತು. ಟ್ರಾಸ್ಕ್ ನಗಲಿಲ್ಲ. "ಆಗಲಪ್ಪ. ಬಿಯರು ಕೆಟ್ರೆ ಇಡೀ ಋತು ಕ್ಲಬ್ಬಿನ ಗ್ಲಾಸು ತೊಳೆಯೋದು ನೀನೇ," ಎಂದ. ಅದಕ್ಕೂ ಸಭೆ ನಕ್ಕಿತು. ಅದೂ ಮೊದಲಿಗಿಂತ ಜೋರಾಗಿ! ಇಂಥ ನಿಯತ್ತಿಲ್ಲದ ಸಭೆಯನ್ನು ನಾನೆಲ್ಲೂ ಕಂಡಿಲ್ಲ.

ಮನೆಗೆ ಬಂದು ಹೆಂಡತಿ ಗ್ವೆಂಡಾಳಿಗೆ ಸುದ್ದಿ ಹೇಳಿದೆ. ಅವಳು ಪೇಪರಿನಿಂದ ತಲೆ ಎತ್ತಲಿಲ್ಲ.

"ನಿನಗೆ ಮೊಟ್ಟೆ ಬೇಯಿಸೋಕೂ ಬರಲ್ವಲ್ಲೋ."

"ಮೊಟ್ಟೆ ಬೇರೆ, ಬಿಯರು ಬೇರೆ ಕಣೇ."

"ಅದೇ ನಾನೂ ಹೇಳ್ತಿರೋದು. ಮೊಟ್ಟೆ ಸುಲಭ."

ಈ ಅವಮಾನವನ್ನು ಇಂಧನವಾಗಿಸಿಕೊಂಡು ಕಾರ್ಯಕ್ಕಿಳಿದೆ. ಮೊಳಕೆ ಬಾರ್ಲಿಯ ಮಾಲ್ಟಿನ ಪಾಕ ಬಂತು, ಕಹಿ ಕೊಡುವ ಹಾಪ್ಸ್ ಹೂ ಬಂತು, ಯೀಸ್ಟು ಬಂತು. ಬಟ್ಟೆ ಒಗೆಯುವ ಕೋಣೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಡ್ರಮ್ಮು ಪ್ರತಿಷ್ಠಾಪನೆಯಾಯಿತು. ಒಳಗಿನ ದ್ರವ ವಾರವಿಡೀ ಗುಳುಗುಳು ಎಂದು ಶಾಸ್ತ್ರೀಯವಾಗಿ ಹಾಡಿತು. ನಾನು ಕುರ್ಚಿ ಹಾಕಿಕೊಂಡು ಕೇಳುತ್ತಾ ಕುಳಿತೆ. ಶ್ರುತಿ ಶುದ್ಧವಾಗಿತ್ತು. ಹಾಡು ನಿಂತ ಮೇಲೆ ಬಾಟಲಿಗಳಿಗೆ ತುಂಬಿದೆ. ತುಂಬುವಾಗ ಪ್ರತಿ ಬಾಟಲಿಗೂ ಒಂದಿಷ್ಟು ಸಕ್ಕರೆ ಹಾಕಿ ಮುಚ್ಚಳ ಬಿಗಿಯಬೇಕು. ಬಿಯರಿನಲ್ಲಿ ಉಳಿದಿರುವ ಯೀಸ್ಟು ಆ ಸಕ್ಕರೆಯನ್ನು ತಿಂದು ಗಾಳಿ ಹುಟ್ಟಿಸುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ಬಿಯರಿನೊಳಗೇ ಕರಗಿ, ಮುಚ್ಚಳ ತೆಗೆದಾಗ ನೊರೆಯಾಗಿ ಉಕ್ಕುತ್ತದೆ. ಇಷ್ಟೇ ವಿದ್ಯೆ! ಸಕ್ಕರೆ ಹಾಕಿದೆ. ಮುಚ್ಚಳ ಬಿಗಿದೆ. ಹಿತ್ತಲಿನ ಶೆಡ್ಡಿನಲ್ಲಿ ಬಾಟಲಿಗಳನ್ನು ಸೈನಿಕರಂತೆ ಸಾಲಾಗಿ ನಿಲ್ಲಿಸಿ ಕಾದೆ.

ಸಾಮಾನು ಕೊಟ್ಟ ಅಂಗಡಿಯವನು ಹೇಳಿದಷ್ಟು ದಿನ ಕಾದ ಮೇಲೆ ಗ್ವೆಂಡಾಳನ್ನು ಶೆಡ್ಡಿಗೆ ಕರೆದೆ. ಅವಳು ಕೋಟಿನ ಮೇಲೆ ಕೋಟು ಹಾಕಿಕೊಂಡು ಬಂದಳು.

"ಕೇಳು. ಈಗ 'ಚುಸ್' ಅನ್ನುತ್ತೆ. ಆ ಸ್ವರ ಕೇಳೋಕೆ ಕಿವಿ ಪುಣ್ಯ ಮಾಡಿರಬೇಕು."

ಮುಚ್ಚಳ ತೆಗೆದೆ. ಎಲ್ಲಿಯ ಚುಸ್! ಬಾಟಲಿ ಉಸಿರೆತ್ತಲಿಲ್ಲ. ಗ್ಲಾಸಿಗೆ ಸುರಿದೆ. ತಣ್ಣಗಾದ ಟೀಯಂತೆ ಇಳಿದು, ಒಂದೇ ಒಂದು ಗುಳ್ಳೆಯೂ ಇಲ್ಲದೆ, ಸತ್ತ ಕಣ್ಣಿನಿಂದ ನನ್ನನ್ನು ನೋಡುತ್ತಾ ಕುಳಿತಿತು.

"ಪುಣ್ಯ ಸಾಲದು ಅನ್ಸುತ್ತೆ," ಎಂದಳು ಗ್ವೆಂಡಾ.

ಇನ್ನೊಂದು ಬಾಟಲಿ ತೆಗೆದೆ. ಮತ್ತೊಂದು ತೆಗೆದೆ. ಎಲ್ಲವೂ ಮೌನವ್ರತ! ನನಗೆ ಮೈಯೆಲ್ಲ ಉರಿದುಹೋಯಿತು. ಕೆಟ್ಟ ಮಾಲನ್ನು ಒಳ್ಳೆಯ ಮನುಷ್ಯನಿಗೆ ಮಾರಿ ಮೋಸ ಮಾಡುವ ಕಾಲ ಬಂತಲ್ಲ ಎಂದುಕೊಂಡು, ಒಂದು ಬಾಟಲಿಯನ್ನು ಬಗಲಲ್ಲಿಟ್ಟುಕೊಂಡು ಬಿಯರು ಸಾಮಾನಿನ ಅಂಗಡಿಗೆ ನುಗ್ಗಿದೆ. ಅಂಗಡಿಯ ಡಡ್ಲಿ ಎದೆಯವರೆಗೆ ಗಡ್ಡ ಬಿಟ್ಟ ಶಾಂತ ಮನುಷ್ಯ. ಜಗಳಕ್ಕೆ ಹೋದವನಿಗೆ ಶಾಂತ ಮನುಷ್ಯ ಸಿಕ್ಕುವುದಕ್ಕಿಂತ ದೊಡ್ಡ ಮೋಸ ಬೇರೊಂದಿಲ್ಲ.

"ನಿನ್ನ ಯೀಸ್ಟು ಸತ್ತಿದೆ!" ಎಂದೆ.

"ಡ್ರಮ್ಮಿನಲ್ಲಿ ಗುಳುಗುಳು ಅಂದಿತ್ತಾ ಸರ್?"

"ವಾರವಿಡೀ."

"ಹಾಗಾದ್ರೆ ಸತ್ತಿಲ್ಲ. ಮುಚ್ಚಳ ಬಿಗಿಯಾಗಿದೆಯಾ?"

ನಾನು ಬಾಟಲಿಯನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿ ತೋರಿಸಿದೆ. ಒಂದು ಹನಿಯೂ ಜಿನುಗಲಿಲ್ಲ.

"ಸಕ್ಕರೆ ಹಾಕಿದ್ರಾ?"

"ಏನಪ್ಪಾ, ನನ್ನನ್ನೇನು ಚಡ್ಡಿ ಹಾಕಿರೋ ಮಗು ಅಂದ್ಕೊಂಡ್ಯಾ?"

"ಇಲ್ಲ ಸರ್. ಬಾಟಲಿ ಎಲ್ಲಿಟ್ಟಿದೀರಾ?"

"ಶೆಡ್ಡಿನಲ್ಲಿ."

ಡಡ್ಲಿ ಗಡ್ಡ ನೀವಿಕೊಂಡ. "ಈ ಚಳೀಲಿ ಶೆಡ್ಡಿನಲ್ಲಾ! ಬೆಳಿಗ್ಗೆ ನನ್ನ ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಕೆರೆದು ಕೈ ಬಿತ್ತು. ಸರ್, ಯೀಸ್ಟಿಗೂ ಜೀವ ಇದೆ. ಚಳಿಗೆ ಮುದುರಿ ಮಲಗಿಬಿಟ್ಟಿರುತ್ತೆ. ನೀವಾದ್ರೆ ಆ ಶೆಡ್ಡಿನಲ್ಲಿ ಮಲಗ್ತೀರಾ? ಬೆಚ್ಚಗಿರೋ ಕಡೆ ಇಡಿ."

ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ. ನಮ್ಮ ಹಾಸಿಗೆ. ಅದರ ಮೇಲೆ ಕರೆಂಟಿನ ಕಂಬಳಿಯಿದೆ. ಸ್ವಿಚ್ಚು ಹಾಕಿದರೆ ಹಾಸಿಗೆ ಆಗತಾನೆ ಒಲೆಯಿಂದ ಇಳಿಸಿದ ಬ್ರೆಡ್ಡಿನ ಹಾಗಾಗುತ್ತದೆ. ನಾನು ಬಾಟಲಿಗಳನ್ನು ಒಂದೊಂದಾಗಿ ಹೊತ್ತು ತಂದು, ಮಂಚದ ಉದ್ದಕ್ಕೂ ಮಲಗಿಸಿ, ಕತ್ತಿನವರೆಗೆ ರಜಾಯಿ ಹೊದೆಸಿದೆ. ತಾಯಿ ಕೂಡ ಮಕ್ಕಳನ್ನು ಅಷ್ಟು ಅಕ್ಕರೆಯಿಂದ ಮಲಗಿಸಲಾರಳು.

ಗ್ವೆಂಡಾ ಬಾಗಿಲಲ್ಲಿ ನಿಂತು ನೋಡಿದಳು.

"ನಾವೆಲ್ಲಿ ಮಲಗೋದು?"

"ನೀನು ಅತಿಥಿಗಳ ಕೋಣೇಲಿ. ನಾನು ಸೋಫಾದ ಮೇಲೆ."

"ಮದುವೆಯಾದಾಗಿನಿಂದ ನನಗೆ ಜ್ವರ ಬಂದಾಗಲೂ ನೀನು ಆ ಕಂಬಳಿಯ ನನ್ನ ಕಡೆ ಸ್ವಿಚ್ಚು ಹಾಕಿದ್ದಿಲ್ಲ."

"ನೀನು ಕ್ಲಬ್ಬಿನ ಮಾನದ ಪ್ರಶ್ನೆ ಅಲ್ವಲ್ಲೇ!"

ಈ ಮಾತು ಬಾಯಿಂದ ಜಾರಿದ ಮೇಲೆ ಮೂರು ದಿನ ನನ್ನ ಅಡುಗೆ ನಾನೇ ಮಾಡಿಕೊಳ್ಳಬೇಕಾಯಿತು. ಮೊಟ್ಟೆ ನಿಜಕ್ಕೂ ಅಷ್ಟು ಸುಲಭವಲ್ಲ.

ಸೋಫಾದ ಮೇಲೆ ಮಲಗಿ ಬೆನ್ನು ಬಿಲ್ಲಾಯಿತು. ಬಾಟಲಿಗಳು ಮಾತ್ರ ಕಾಲು ಚಾಚಿ ಸುಖವಾಗಿದ್ದವು. ಹೀಗೇ ದಿನಗಳು ಕಳೆದವು. ಕೊನೆಗೊಂದು ಬಾಟಲಿಯನ್ನು ಅಡುಗೆಮನೆಗೆ ತಂದು, ದೇವರನ್ನು ನೆನೆದು ಮುಚ್ಚಳ ತೆಗೆದೆ. ಮತ್ತದೇ ಮೌನ! ಬೆಚ್ಚಗಿನ ಮೌನ, ಅಷ್ಟೇ ವ್ಯತ್ಯಾಸ.

ನಾನು ಕೂಗಾಡಿದೆ. ಯೀಸ್ಟನ್ನು ಬೈದೆ, ಡಡ್ಲಿಯ ಗಡ್ಡವನ್ನು ಬೈದೆ, ಟ್ಯಾಸ್ಮೇನಿಯಾದ ಚಳಿಯನ್ನು ಬೈದೆ, ಈ ದ್ವೀಪವನ್ನು ಇಷ್ಟು ದಕ್ಷಿಣಕ್ಕೆ ತಂದಿಟ್ಟ ಸೃಷ್ಟಿಕರ್ತನನ್ನೂ ಬಿಡಲಿಲ್ಲ. ಗ್ವೆಂಡಾ ಗ್ಲಾಸು ತೆಗೆದುಕೊಂಡು ಒಂದು ಗುಟುಕು ಕುಡಿದಳು. ಬಾಯೊಳಗೇ ಇಟ್ಟುಕೊಂಡು ಯೋಚಿಸಿದಳು.

"ಸಿಹಿ ಇದೆಯಲ್ಲೋ."

"ಅದು ಮಾಲ್ಟಿನ ಗುಣ. ನಿನಗೆ ತಿಳಿಯಲ್ಲ."

"ಮಾಲ್ಟಿನ ಸಿಹಿ ಹೀಗಿರಲ್ಲ. ಇದು ನಿನ್ನ ಟೀ ಇದ್ದ ಹಾಗಿದೆ..." ಎನ್ನುತ್ತಿದ್ದವಳು ಇದ್ದಕ್ಕಿದ್ದಂತೆ ಗ್ಲಾಸು ಕೆಳಗಿಟ್ಟಳು. "ರೋಲಿ, ಬಾಟಲಿಗೆ ಹಾಕಿದ ಸಕ್ಕರೆ ಎಲ್ಲಿಂದ ತಗೊಂಡೆ?"

"ಎಲ್ಲಿಂದ ಅಂದ್ರೆ? ಮನೆಯ ಸಕ್ಕರೆ ಡಬ್ಬಿಯಿಂದ!"

ಗ್ವೆಂಡಾ ಮೆಲ್ಲಗೆ ಕುರ್ಚಿಯಲ್ಲಿ ಕುಳಿತಳು. ಅವಳ ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೇನೋ ಎಂದು ಗಾಬರಿಯಾಯಿತು. ಅಳುತ್ತಿರಲಿಲ್ಲ.

"ಆ ಡಬ್ಬೀಲಿ ಸಕ್ಕರೆ ಇಲ್ಲ ಕಣೋ."

"ಮತ್ತೇನಿದೆ?"

"ಸಕ್ಕರೆ ಥರದ್ದು. ಸಕ್ಕರೆ ಕಾಯಿಲೆಯವರು ಹಾಕ್ಕೊಳ್ಳೋದು. ಈಸ್ಟರಿನಲ್ಲಿ ಡಾಕ್ಟರು ಸಕ್ಕರೆ ಬಿಡಿ ಅಂದಾಗ ನೀನೇನಂದೆ? ಸಕ್ಕರೆ ಇಲ್ಲದ ಟೀ ಕುಡಿಯೋದಕ್ಕಿಂತ ಸಾಯೋದು ಮೇಲು ಅಂದೆ. ಸಾಯೋದೇನೂ ಬೇಡ ಅಂತ ನಾನೇ ಡಬ್ಬಿಗೆ ಅದನ್ನ ತುಂಬಿಸಿಟ್ಟೆ."

"ನನಗೆ ಗೊತ್ತಿಲ್ಲದ ಹಾಗೆ! ನನ್ನದೇ ಮನೇಲಿ! ನನ್ನದೇ ಟೀಯಲ್ಲಿ!"

"ಗೊತ್ತಾದ ದಿನ ಹೇಳೋಣ ಅಂತ ಕಾಯ್ತಾನೇ ಇದ್ದೆ. ನಿನಗೆ ಗೊತ್ತೇ ಆಗಲಿಲ್ಲ. ಪಾಪ, ಆ ಯೀಸ್ಟಿಗೆ ಬಾಯಿಟ್ಟ ಕೂಡಲೇ ಗೊತ್ತಾಗಿ, ತಿನ್ನದೇ ಬಿಟ್ಟಿದೆ. ಅದಕ್ಕಿರೋ ನಾಲಿಗೆ ನಿನಗಿಲ್ಲ!"

ನನ್ನ ಸ್ಥಿತಿ ಊಹಿಸಿ. ಕಿವಿಯ ಸೂಕ್ಷ್ಮತೆಗಾಗಿ ಊರೆಲ್ಲ ಹೊಗಳಿದ ಕಲಾವಿದನೊಬ್ಬನನ್ನು, ಕಣ್ಣಿಗೆ ಕಾಣದ ಯೀಸ್ಟಿನ ಪಕ್ಕ ನಿಲ್ಲಿಸಿ, ಕಡಿಮೆ ಅಂಕ ಕೊಟ್ಟು ಕಳಿಸುವುದೇ? ನೇರವಾಗಿ ಅಂಗಡಿಗೆ ಹೋದೆ. ನಿಜವಾದ ಸಕ್ಕರೆ ತಂದೆ. ಬಾಟಲಿಗಳನ್ನೆಲ್ಲ ತೆಗೆದು, ತಾಜಾ ಯೀಸ್ಟು ಚಿಮುಕಿಸಿ, ಸಕ್ಕರೆ ಸುರಿದೆ. ಬಾಟಲಿಗೆ ಒಂದು ಸಣ್ಣ ಚಮಚ ಸಾಕು ಎಂದು ಡಡ್ಲಿ ಹೇಳಿದ್ದ. ಆದರೆ ಇಷ್ಟು ದಿನ ಉಪವಾಸ ಬಿದ್ದ ಯೀಸ್ಟಿಗೆ ಒಂದು ಚಮಚ ಎಲ್ಲಿ ಸಾಕಾಗುತ್ತದೆ? ಪ್ರತಿ ಬಾಟಲಿಗೂ ದೊಡ್ಡ ಚಮಚದಲ್ಲಿ, ಮೇಲೆ ಗೋಪುರ ಕಟ್ಟಿ ಹಾಕಿದೆ. ಕೋಪದಲ್ಲಿ ಕೈ ಅಳತೆ ಸ್ವಲ್ಪ ಉದಾರವಾಗುತ್ತದೆ. ಮುಚ್ಚಳ ಬಿಗಿದೆ. ಮತ್ತೆ ಹಾಸಿಗೆ, ಮತ್ತೆ ರಜಾಯಿ. ಕಂಬಳಿಯ ಸ್ವಿಚ್ಚನ್ನು ಕೊನೆಯವರೆಗೂ ತಿರುಗಿಸಿಟ್ಟೆ.

ಮುಂದಿನ ವಾರ, ಹಬ್ಬ ಹತ್ತಿರವಾದಾಗ, ಒಂದು ಮಧ್ಯಾಹ್ನ ಟ್ರಾಸ್ಕ್ ಮನೆಗೆ ಬಂದ. ಬಿಯರು ಕೈಕೊಟ್ಟ ಸುದ್ದಿಯನ್ನು ಯಾರೋ ಅವನಿಗೆ ಮುಟ್ಟಿಸಿದ್ದರು. "ಬಿಯರು ಹೇಗಿದೆ ನೋಡೋಣ ಅಂತ ಬಂದೆ," ಎಂದು ಅಡುಗೆಮನೆಯ ಮೇಜಿಗೆ ಒರಗಿ ಕುಳಿತ. ಗ್ವೆಂಡಾ ಮನೆಯಲ್ಲಿರಲಿಲ್ಲ. ನಾನೇ ಟೀ ಕೊಟ್ಟೆ.

"ಬಿಯರಾ? ವಿಶ್ರಾಂತಿ ತಗೊಳ್ತಿದೆ," ಎಂದೆ ಗಂಭೀರವಾಗಿ.

ಢಂ!

ಮಂದ್ರಸ್ಥಾಯಿ, ಸ್ವಲ್ಪ ಒಡಕು ದನಿ. ಟ್ರಾಸ್ಕನ ಕಪ್ಪು ಬಸಿಯಿಂದ ಹಾರಿತು.

"ಏನಯ್ಯಾ ಅದು?"

"ಏನಿಲ್ಲ. ಮಲಗೋ ಕೋಣೇಲಿ."

"ಗ್ವೆಂಡಾಗೆ ಏನಾದ್ರೂ...?"

"ಅವಳು ಮೈದಾನಕ್ಕೆ ಹೋಗಿದಾಳೆ."

"ಮತ್ತೆ ನಿನ್ನ ಹಾಸಿಗೇಲಿ ಮಲಗಿರೋದ್ಯಾರು?"

"ಬಿಯರು."

ಹುಳುಕು ಹಲ್ಲನ್ನು ನೋಡುವ ಹಾಗೆ ಟ್ರಾಸ್ಕ್ ನನ್ನನ್ನು ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಮತ್ತೊಂದು ಢಂ! ಈ ಸಲ ತಾರಸ್ಥಾಯಿ, ಜೊತೆಗೆ ಗಾಜಿನ ಝಲ್ಲರಿ. ಹಿಂದೆಯೇ ಮತ್ತೊಂದು! ಕಣ್ಣು ಮಿಟುಕಿಸುವಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷನೂ ನಾನೂ ಮೇಜಿನ ಕೆಳಗಿದ್ದೆವು. ನಾಲ್ಕು ಮಂಡಿ, ಎರಡು ಬೊಕ್ಕತಲೆ, ಒಂದು ಇಕ್ಕಟ್ಟಾದ ಮೇಜು.

"ಹೋಗಿ ಮುಚ್ಚಳ ತೆಗೆಯೋ ಮಾರಾಯ! ಎಲ್ಲಾ ಸಿಡಿಯುತ್ತೆ!" ಎಂದು ಟ್ರಾಸ್ಕ್ ಪಿಸುಗುಟ್ಟಿದ.

"ನೀನೇ ಹೋಗು! ಬಾಯಿ ತೆರೆಸೋದು ನಿನ್ನ ಕಸುಬು!"

"ನಾನು ಅಧ್ಯಕ್ಷ!"

"ನಾನು ಆತಿಥೇಯ! ಅತಿಥಿಗೇ ಮೊದಲ ಮರ್ಯಾದೆ!"

ಒಳಗೆ ಮತ್ತೊಂದು ಸಿಡಿಯಿತು. ಹೀಗೆ ನಾವು ಪರಸ್ಪರ ಮರ್ಯಾದೆ ಕೊಡುತ್ತಾ, ಒಬ್ಬರನ್ನೊಬ್ಬರು ಮೊಣಕೈಯಿಂದ ಹೊರಗೆ ತಳ್ಳುತ್ತಾ ಇರುವಾಗ ಮುಂಬಾಗಿಲು ತೆರೆಯಿತು.

ಬಾಗಿಲಲ್ಲಿ ನಿಂತಿದ್ದ ಆಕೃತಿ ಕಂಡು ಟ್ರಾಸ್ಕ್ ನನ್ನ ಕೈ ಹಿಡಿದುಕೊಂಡ. ತಲೆಗೆ ಕಬ್ಬಿಣದ ಜಾಲರಿಯ ಹೆಲ್ಮೆಟ್ಟು, ಎದೆಗೆ ಕವಚ, ಕಾಲಿಗೆ ತೊಡೆಯವರೆಗೂ ದಪ್ಪ ಪ್ಯಾಡು, ಕೈಗೆ ದಿಂಬಿನಂಥ ಗ್ಲೌಸು. ಗ್ವೆಂಡಾ! ಹರೆಯದಲ್ಲಿ ಜಿಲ್ಲಾ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದವಳು, ಈಗ ಹುಡುಗಿಯರಿಗೆ ಹೇಳಿಕೊಡುತ್ತಾಳೆ. ಅಭ್ಯಾಸ ಮುಗಿಸಿ ಬಂದವಳು ಗೇಟಿನ ಹತ್ತಿರವೇ ಸದ್ದು ಕೇಳಿ, ಬಿಚ್ಚಿ ಕಾರಿನಲ್ಲಿಟ್ಟಿದ್ದನ್ನೆಲ್ಲ ಮತ್ತೆ ತೊಟ್ಟುಕೊಂಡೇ ಒಳಗೆ ಬಂದಿದ್ದಳು.

"ಕಂಬಳಿಯ ಕರೆಂಟು ಆರಿಸಿದ್ರಾ?"

ಮೇಜಿನ ಕೆಳಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿದೆವು.

"ಇಬ್ಬರು ಗಂಡಸರಿದ್ದೀರಿ," ಎಂದಷ್ಟೇ ಹೇಳಿ ಅವಳು ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಒಳಗೆ ಹೋದಳು. ಮಲಗುವ ಕೋಣೆಯ ಕಿಟಕಿಗಳು ದಢಾರನೆ ತೆರೆದ ಸದ್ದಾಯಿತು. ತಣ್ಣನೆ ಗಾಳಿ ಮನೆಯೆಲ್ಲ ನುಗ್ಗಿತು. ಒಂದು ಬಾಟಲಿ ಸಿಡಿದದ್ದೂ, ಅವಳ ಪ್ಯಾಡಿಗೆ ಏನೋ ತಟ್ಟಿ ಬಿದ್ದದ್ದೂ ಕೇಳಿಸಿತು.

"ಗ್ವೆನ್!" ಎಂದು ಕೂಗಿದೆ. ಬಿಯರು ಹಾಳಾಗಲಿ, ಕ್ಲಬ್ಬು ಹಾಳಾಗಲಿ! ಟ್ರಾಸ್ಕನ ಕೈ ಕೊಸರಿಕೊಂಡು ಮೇಜಿನ ಕೆಳಗಿನಿಂದ ಎದ್ದು ಓಡಿದೆ. ಕೈಗೆ ಸಿಕ್ಕಿದ್ದು ಬಾಣಲೆಯ ಮುಚ್ಚಳ. ಅದನ್ನೇ ಗುರಾಣಿಯಂತೆ ಹಿಡಿದು ಕೋಣೆಯ ಬಾಗಿಲಿಗೆ ಹೋದೆ.

"ಹಿಂದೆ ಹೋಗೋ ಪೆದ್ದಪ್ಪ! ಬರೀ ಕಾಲಲ್ಲಿ ಬಂದಿದೀಯಾ, ಗಾಜಿದೆ!" ಎಂದು ಜಾಲರಿಯೊಳಗಿನಿಂದ ಗದರಿಕೆ ಬಂತು. ಗದರುವಷ್ಟು ಶಕ್ತಿಯಿದೆಯಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಅವಳು ದಪ್ಪ ಟವೆಲನ್ನು ಬಾಟಲಿಗೆ ಸುತ್ತಿ, ಮುಚ್ಚಳವನ್ನು ಕೂದಲೆಳೆಯಷ್ಟೇ ಸಡಿಲಿಸಿದಳು.

ಚುಸ್‌ಸ್‌ಸ್...

ಆಹಾ! ಅದೇ ಸ್ವರ! ಇಡೀ ಚಳಿಗಾಲ ನಾನು ಯಾವುದಕ್ಕಾಗಿ ಸೋಫಾದ ಮೇಲೆ ಬೆನ್ನು ಮುರಿದುಕೊಂಡಿದ್ದೆನೋ ಆ ಸ್ವರ, ಪರಿಶುದ್ಧ ಷಡ್ಜ! ಹೆಚ್ಚಿನ ಗಾಳಿ ಹೋದ ಮೇಲೆ ಅವಳು ಹೊಸ ಮುಚ್ಚಳ ಬಿಗಿದು ಪಕ್ಕಕ್ಕಿಟ್ಟಳು. ಮತ್ತೊಂದು ಬಾಟಲಿ, ಮತ್ತೊಂದು ಚುಸ್. ಸಂಜೆಯ ಹೊತ್ತಿಗೆ ಉಳಿದ ಬಾಟಲಿಗಳೆಲ್ಲ ಶೆಡ್ಡಿನ ಚಳಿಯಲ್ಲಿ ವಿಧೇಯವಾಗಿ ನಿಂತಿದ್ದವು. ಅಷ್ಟರಲ್ಲಿ ಟ್ರಾಸ್ಕ್ ಮೆಲ್ಲಗೆ ಜಾಗ ಖಾಲಿ ಮಾಡಿದ್ದ. ರಜಾಯಿಯಿಂದ ಬಿಯರು ತೊಟ್ಟಿಕ್ಕುತ್ತಿತ್ತು. ಅದನ್ನು ಹಿಂಡಿದವನು ನಾನೇ.

ಟ್ರಾಸ್ಕ್ ಈ ಘಟನೆಯನ್ನು ಗುಟ್ಟಾಗಿಡುತ್ತಾನೆ ಎಂದು ನಂಬಿದ್ದೆ. ನಂಬಿದ್ದು ನನ್ನ ತಪ್ಪು! ಹಬ್ಬದ ದಿನ ಹಳದಿ ವಾಟಲ್ ಹೂವಿನಿಂದ ಸಿಂಗರಿಸಿದ ಕ್ಲಬ್ಬಿಗೆ ಹೋದರೆ, ಇಬ್ಬರು ಸದಸ್ಯರು ಕ್ರಿಕೆಟ್ ಹೆಲ್ಮೆಟ್ಟು ಹಾಕಿಕೊಂಡು ಕುಳಿತಿದ್ದರು. ಒಬ್ಬ ಮಹಾನುಭಾವ ಮೇಜಿನ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದ. ಮೇಜಿನ ಕೆಳಗೆ ನನ್ನ ಜೊತೆ ಇನ್ನೊಬ್ಬರೂ ಇದ್ದರು ಎಂಬ ಭಾಗವನ್ನು ಮಾತ್ರ ಟ್ರಾಸ್ಕ್ ಕಥೆಯಿಂದ ಬಿಟ್ಟಿದ್ದ. ನಾನು ಹಲ್ಲು ಕಚ್ಚಿಕೊಂಡೆ.

ಬಾಟಲಿ ತೆರೆದರು. ಚುಸ್! ಗ್ಲಾಸಿಗೆ ಸುರಿದರು. ಜೇನಿನ ಬಣ್ಣ, ಮೇಲೆ ಎರಡು ಬೆರಳು ನೊರೆ, ಅಡಿಯಿಂದ ಸಾಲು ಸಾಲಾಗಿ ಏಳುವ ಗುಳ್ಳೆಗಳು! ಮೊದಲು ಕುಡಿದವರು ಕ್ಲಬ್ಬಿನ ಅತಿ ಹಿರಿಯ ಸದಸ್ಯೆ ಹಿಲ್ಡಾ ಅಜ್ಜಿ. ಮೂತಿಯ ಮೇಲಿನ ನೊರೆ ಒರೆಸಿಕೊಂಡು, "ಯಪ್ಪಾ! ಇಂಥದ್ದು ಕುಡಿದು ಎಷ್ಟು ಕಾಲವಾಯ್ತೋ!" ಎಂದರು. ಹೆಲ್ಮೆಟ್ಟುಗಳು ಕಳಚಿದವು. ಮೇಜಿನ ಕೆಳಗಿನವನು ಮೇಲೆ ಬಂದ. ಗ್ಲಾಸುಗಳು ಬರಿದಾದವು. ತೊಳೆಯುವ ಶಿಕ್ಷೆ ನನಗೆ ತಪ್ಪಿತು ಎಂದು ಒಂದು ದೊಡ್ಡ ಗ್ಲಾಸನ್ನು ನಾನೂ ಒಂದೇ ಉಸಿರಿಗೆ ಖಾಲಿ ಮಾಡಿದೆ.

ಟ್ರಾಸ್ಕ್ ಚಮಚದಿಂದ ಗ್ಲಾಸು ಬಾರಿಸಿದ. "ಈ ಅದ್ಭುತ ಬಿಯರನ್ನು ನಮಗೆ ಕೊಟ್ಟವರನ್ನು ವೇದಿಕೆಗೆ ಕರೀತೀನಿ," ಎಂದ. ನಾನು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತೆ.

"ಗ್ವೆಂಡಾ!" ಎಂದ ಟ್ರಾಸ್ಕ್.

ಚಪ್ಪಾಳೆ! ಶಿಳ್ಳೆ! ನನ್ನ ರಕ್ತ ಕುದಿಯಿತು. "ಇದು ಅನ್ಯಾಯ!" ಎಂದು ಕೂಗಿದೆ. "ಡ್ರಮ್ಮು ನನ್ನದು! ಮಾಲ್ಟು ನನ್ನದು! ಬಾಟಲಿ ತೊಳೆದದ್ದು ನಾನು! ಸೋಫಾದ ಮೇಲೆ ಮಲಗಿದ್ದು ನಾನು! ಕೇಳಿ ಬೇಕಾದರೆ ಅವಳನ್ನೇ!"

ವೇದಿಕೆಯ ಮೇಲೆ ಗ್ವೆಂಡಾ ಮೈಕಿಗೆ ಬಾಗಿದಳು. ಮುಗುಳ್ನಗುತ್ತಾ ಶಾಂತವಾಗಿ ಹೇಳಿದಳು:

"ಅವನು ಹೇಳಿದ್ದೆಲ್ಲಾ ನಿಜ. ನಮ್ಮನೇಲಿ ಗ್ಯಾಸು ಬಿಡೋ ಕೆಲಸ ಅವನದು. ಅದನ್ನ ಹಿಡಿದು ಹದದಲ್ಲಿಡೋ ಕೆಲಸ ಮಾತ್ರ ನನ್ನದು."

ಸಭೆ ಮೇಜು ಕುಟ್ಟಿ ನಕ್ಕಿತು. ಹಿಲ್ಡಾ ಅಜ್ಜಿಯ ಹಲ್ಲಿನ ಸೆಟ್ಟು ಜಾರಿ ಗ್ಲಾಸಿಗೆ ಬಿತ್ತು. ಇದಕ್ಕೆ ತಕ್ಕ ಉತ್ತರ ಕೊಡಲೇಬೇಕೆಂದು ನಾನು ಎದೆ ಸೆಟೆಸಿ, ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿ, ಬಾಯಿ ತೆರೆದೆ.

ಮಾತು ಬರಲಿಲ್ಲ. ತೇಗು ಬಂತು. ಉದ್ದವಾದ, ಗಂಭೀರವಾದ, ಗೋಡೆಗಳಿಗೆ ಬಡಿದು ಮರಳಿ ಬಂದ ತೇಗು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಕ್ಲಬ್ಬಿನಲ್ಲಿ ನಾನು ಮಾಡಿದ ಭಾಷಣಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು ಈಗಲೂ ಹೇಳುತ್ತಾರೆ.